ನಾಗಶ್ರೀ ಅಳಿಸಿದ ದನಿ

ಮದ್ದೂರು ಪೇಟೆ ದಾಟಿ ಶಿವಪುರದ ಕಡೆಗೆ ಬಂದರೆ ಮಹಿಳಾ ಸಂಘದ ಹಳೆಯ ಕಟ್ಟಡವೊಂದಿದೆ. ಕೆಳಗೆ ಹೊಲಿಗೆ ತರಬೇತಿ, ಮೇಲೆ ಕಾಲುವೆ ಬಾನುಲಿ. ಸುತ್ತಲಿನ ಹಳ್ಳಿಗಳಿಗಷ್ಟೇ ಕೇಳುವ ಸಣ್ಣ ರೇಡಿಯೋ ಅದು. ಈ ಕಡೆ ಕೊಕ್ಕರೆ ಬೆಳ್ಳೂರು ದಾಟಿದರೆ ಬರೀ ಗೊರಗೊರ, ಆ ಕಡೆ ಮಳವಳ್ಳಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಅದೂ ಇಲ್ಲ. ರೇಷ್ಮೆ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಹುಳು ಸಾಕಣೆಯ ಬಗ್ಗೆ ಮಾತಾಡಿ ಬರುತ್ತಿದ್ದೆ. ನಾಗಶ್ರೀಯ ಪರಿಚಯವಾದದ್ದು ಹಾಗೆ.

ಅವಳ ಊರು ಮಳವಳ್ಳಿಯ ಮಗ್ಗುಲಲ್ಲಿ. ತಂದೆ ಕರಿಯಯ್ಯ ಲೈನ್‌ಮನ್ ಆಗಿದ್ದವರು. ಮನೆಯ ನಡುಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ ಬಿಟ್ಟರೆ ಬೇರೆ ದೇವರಿಲ್ಲ. ನಾಗಶ್ರೀ ಚಿಕ್ಕವಳಿದ್ದಾಗ ಊರ ಹೊರಗಿನ ಹುಣಸೆ ಮರದಲ್ಲಿ ಮಳೆ ಬಂದಾಗಲೆಲ್ಲ ಬೆಳಕು ಕುಣಿಯುತ್ತದೆ ಎಂದು ಜನ ಅತ್ತ ಹೋಗುವುದನ್ನೇ ಬಿಟ್ಟಿದ್ದರು. ಕರಿಯಯ್ಯ ಮಗಳ ಕೈ ಹಿಡಿದು ಅಲ್ಲಿಗೇ ಕರೆದುಕೊಂಡು ಹೋಗಿ, ಒದ್ದೆ ಕೊಂಬೆ ತಂತಿಗೆ ತಾಗಿ ಕಿಡಿ ಹಾರುವುದನ್ನು ತೋರಿಸಿದ್ದರು. "ನೋಡವ್ವ, ಕಾರಣ ಇನ್ನೂ ಗೊತ್ತಾಗದೆ ಇರೋ ಕರೆಂಟ್ನೇ ಜನ ದೆವ್ವ ಅಂತಾರೆ" ಎಂದಿದ್ದರಂತೆ. ಈ ಮಾತನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಅಲ್ಲೇ ಒಂದು ಅಂಗಡಿಯಲ್ಲಿ ಕೆಲವು ವರ್ಷ ಕಂಪ್ಯೂಟರ್ ಜೋಡಿಸಿ, ಆಮೇಲೆ ಈ ಬಾನುಲಿಗೆ ಬಂದಳು. ಮೈಕಿನ ಮುಂದೆ ಮಾತಾಡುವವಳೂ ಅವಳೇ, ವೈರು ಬೆಸೆಯುವವಳೂ ಅವಳೇ. ದಿನವೂ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

ಕೇಂದ್ರದ ಮುಖ್ಯಸ್ಥರು ಶಿವರಾಜು, ನಿವೃತ್ತ ಮೇಷ್ಟ್ರು. ಇನ್ನೊಂದು ಜಿಲ್ಲೆಯ ಇಂಥದೇ ಬಾನುಲಿಯೊಂದರ ಕಂಪ್ಯೂಟರ್ ಕೆಟ್ಟು, ಸೋಬಾನೆ ಪದ, ಮುದುಕರ ಮಾತು, ಎಲ್ಲವೂ ಒಂದೇ ಏಟಿಗೆ ಹೋಯಿತೆಂದು ಕೇಳಿ ಅವರಿಗೆ ನಿದ್ದೆ ಬರದಾಯಿತು. ನಮ್ಮಲ್ಲೂ ಎಲ್ಲವೂ ಒಂದೇ ಯಂತ್ರದ ಒಂದೇ ಡಿಸ್ಕಿನಲ್ಲಿತ್ತು. ಅದು ಲಿನಕ್ಸ್ ಯಂತ್ರ. ಬೆಳಗ್ಗೆ ತಾನೇ ಎದ್ದು, ಪಟ್ಟಿಯಲ್ಲಿದ್ದ ಕಾರ್ಯಕ್ರಮಗಳನ್ನು ಒಂದೊಂದಾಗಿ ಹಾಕುತ್ತ ಹೋಗುತ್ತಿತ್ತು. ಯಾರೂ ಇಲ್ಲದಿದ್ದರೂ ಅದು ಮಾತಾಡುತ್ತಲೇ ಇರುತ್ತಿತ್ತು.

ಇನ್ನೊಂದು ಡಿಸ್ಕು ಹಾಕಿ ಮಿರರಿಂಗ್ ಮಾಡೋಣ ಎಂದಳು ನಾಗಶ್ರೀ. ಬರೆದದ್ದೆಲ್ಲ ಎರಡು ಡಿಸ್ಕಿಗೂ ಹೋಗುತ್ತದೆ, ಅಳಿಸಿದ್ದು ಎರಡರಿಂದಲೂ ಹೋಗುತ್ತದೆ, ಒಂದು ಸತ್ತರೆ ಇನ್ನೊಂದು ನಿಲ್ಲದೆ ಕೆಲಸ ಮಾಡುತ್ತದೆ. ಹೊಸ ಯಂತ್ರಕ್ಕಾದರೆ ಇದು ಸುಲಭವಂತೆ. ಆಗಲೇ ನಡೆಯುತ್ತಿರುವ, ತುಂಬಿರುವ ಯಂತ್ರಕ್ಕೆ ಮಾಡುವುದೇ ಕಷ್ಟ. ಅವಳು ಅದನ್ನು ಮಾಡಿದ ಮಧ್ಯಾಹ್ನ ನಾನು ಅಲ್ಲಿದ್ದೆ. ಪ್ರಸಾರಕ್ಕೆ ಬಿಡುವಿದ್ದ ಹೊತ್ತು.

"ಈಗ ಹಳೇ ಡಿಸ್ಕು ಮುಟ್ಟಂಗಿಲ್ಲ ಸಾರ್" ಎಂದು ವಿವರಿಸಿದಳು. "ಹೊಸದೊಂದನ್ನೇ ಇಟ್ಕೊಂಡು ಅರ್ಧ ಜೋಡಿ ಕಟ್ಬೇಕು. ಇನ್ನರ್ಧದ ಜಾಗದಲ್ಲಿ ಏನು ಬರೀಬೇಕು ಗೊತ್ತಾ? ಮಿಸ್ಸಿಂಗ್ ಅಂತ."

"ಕಾಣೆಯಾಗಿದೆ ಅಂತಲಾ?"

"ಹೂಂ. ಪಕ್ಕದಲ್ಲೇ ಇದ್ರೂ ಕಾಣೆಯಾಗಿದೆ ಅಂತಲೇ ಬರೀಬೇಕು. ಹಳೇದರಲ್ಲಿರೋದನ್ನೆಲ್ಲ ಹೊಸದಕ್ಕೆ ನಕಲು ಮಾಡಿ, ಯಂತ್ರ ಹೊಸದರಿಂದಲೇ ಎದ್ದೇಳೋ ಹಂಗೆ ಮಾಡ್ಬೇಕು. ಆಮೇಲೆ ಹಳೇದನ್ನ ಪೂರ್ತಿ ಒರೆಸಿ ಖಾಲಿ ಜಾಗಕ್ಕೆ ಸೇರಿಸೋದು. ಅದು ತನ್ನ ನಕಲಿನಿಂದಲೇ ಮತ್ತೆ ತುಂಬ್ಕೊಳ್ತದೆ."

ಮೊದಲ ಸಲ ಯಂತ್ರ ಏಳಲೇ ಇಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತಿತ್ತು. ಏಳುವುದಕ್ಕೆ ಬೇಕಾದ ಮೊದಲ ಸೂಚನೆಯನ್ನು ಹೊಸ ಡಿಸ್ಕಿನ ಆರಂಭದಲ್ಲಿ ಬರೆಯುವುದನ್ನೇ ಮರೆತಿದ್ದಳು. ಶಿವರಾಜು ಹಣೆ ಒರೆಸಿಕೊಂಡರು. ಅವಳು ಹಳೆಯದರಿಂದ ಎಬ್ಬಿಸಿ, ಬಿಟ್ಟದ್ದನ್ನು ಬರೆದು, ಮತ್ತೆ ಶುರು ಮಾಡಿದಳು. ಈ ಸಲ ಎದ್ದಿತು. ಹಳೆಯ ಡಿಸ್ಕನ್ನು ಜೋಡಿಗೆ ಸೇರಿಸಿದಳು. ಪರದೆಯ ಮೇಲೆ ಶೇಕಡಾ ಲೆಕ್ಕ ನಿಧಾನವಾಗಿ ಏರತೊಡಗಿತು.

ಸಣ್ಣತಾಯಮ್ಮ ಮೆಟ್ಟಿಲು ಹತ್ತಿ ಬಂದದ್ದು ಆಗ. ಜೊತೆಗೆ ಅವರ ಎದುರು ಮನೆಯ ವನಜಾ ಇದ್ದಳು. ಹತ್ತಿರದ ಹಳ್ಳಿಯವರು. ಸಣ್ಣತಾಯಮ್ಮನಿಗೆ ಮಂಡಿ ನೋವು. ಒಳಗೆ ಬಂದವರು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತರು. ಮಾತಾಡಿದ್ದೆಲ್ಲ ವನಜಾ.

ಸಣ್ಣತಾಯಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಚಲುವರಾಜು ಓಡಿಸುತ್ತಿದ್ದ ಬೈಕು, ಕಬ್ಬು ತುಂಬಿ ರಸ್ತೆ ಬದಿಗೆ ನಿಂತಿದ್ದ ಟ್ರೈಲರಿಗೆ ಹಿಂದಿನಿಂದ ಬಡಿಯಿತು. ಹಿಂದೆ ಕುಳಿತಿದ್ದ ಚಿಕ್ಕವನು ಸತ್ತ. ಚಲುವರಾಜುವಿಗೆ ಮೊಣಕೈ ತರಚಿತ್ತು, ಅಷ್ಟೇ. ಸತ್ತವನಿಗೆ ಹಾಲುತುಪ್ಪ ಬಿಟ್ಟ ದಿನ, ಊಟದ ಎಲೆಯ ಮುಂದೆ ಕುಳಿತಿದ್ದ ಮಗನನ್ನು ನೋಡಿ ತಾಯಿ ಒಂದು ಮಾತು ಅಂದುಬಿಟ್ಟರು: ಅವನ ಬದಲು ನೀನು ಹೋಗಬಾರದಾಗಿತ್ತಾ. ಅವನು ಎಲೆ ಬಿಟ್ಟು ಎದ್ದ. ಕೈ ತೊಳೆದ. ಹೋದ. ಮತ್ತೆ ಬರಲಿಲ್ಲ.

"ಪೊಲೀಸ್ಗೂ ಬರ್ಕೊಟ್ಟಾಯ್ತು ಕಣಕ್ಕ" ಎಂದಳು ವನಜಾ. "ಈಯಮ್ಮ ರೇಡಿಯೋದಲ್ಲಿ ಒಂದ್ಮಾತ್ ಆಡ್ತೀನಿ ಅಂತ ಕುಂತವ್ರೆ."

ನಾಗಶ್ರೀ ಅವರನ್ನು ಮೈಕಿನ ಮುಂದೆ ಕೂರಿಸಿದಳು. ಒಂದೇ ಸಲಕ್ಕೆ ಮುಗಿಯಿತು. ಗಾಜಿನ ಈಚೆ ನಿಂತು ನಾನೂ ಕೇಳಿದೆ.

"ಚಲುವ, ನಿಮ್ಮವ್ವ ಕಣಪ್ಪ. ಅವತ್ತು ಒಟ್ಟೆ ಉರೀತಿತ್ತು, ಬಾಯಿಗ್ ಬಂದಿದ್ದ ಅಂದ್ಬುಟ್ಟೆ. ಅದ ಮನಸಲ್ ಮಡಿಕಬೇಡ. ನೀನೂ ನನ್ ಮಗನೇ ಅಲ್ವಾ. ಎಲ್ಲಿದ್ರೂ ಬಾ."

ಅಷ್ಟೇ. ವನಜಾ ಆಟೋ ನಿಲ್ಲಿಸಲು ಮುಂದೆ ಓಡಿದಳು. ನಾಗಶ್ರೀ ಮುದುಕಿಯ ತೋಳು ಹಿಡಿದು ಮೆಟ್ಟಿಲು ಇಳಿಸಿ, ಆಟೋ ಹತ್ತಿಸಿ ಬಂದಳು. ಸಂಜೆಯ ಹೊತ್ತಿಗೆ ಎರಡು ಡಿಸ್ಕೂ ಒಂದಾಗಿದ್ದವು. ತಾಯಿಯ ಮಾತನ್ನು ಅವಳು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ತೆಗೆಯುವವರೆಗೂ ದಿನಾ ಬರುವಂತೆ ಪಟ್ಟಿಗೆ ಸೇರಿಸಿದಳು.

ಆ ದನಿ ನಮ್ಮ ಸೀಮೆಗೆಲ್ಲ ಅಭ್ಯಾಸವಾಗಿಹೋಯಿತು. ಹಾಲಿನ ಡೇರಿಯ ಮುಂದೆ, ಟೀ ಅಂಗಡಿಯಲ್ಲಿ, ಅದು ಬಂದಾಗ ಜನ ಮಾತು ನಿಲ್ಲಿಸುತ್ತಿದ್ದರು. ಆಮೇಲಾಮೇಲೆ ನಿಲ್ಲಿಸುವುದನ್ನೂ ಬಿಟ್ಟರು. ಚಲುವರಾಜು ಬರಲಿಲ್ಲ. ಬೇಸಿಗೆ ಕಳೆದು ನಾಲೆಗೆ ನೀರು ಬಿಟ್ಟ ಮೇಲೆ, ಒಂದು ದಿನ ವನಜಾ ಫೋನ್ ಮಾಡಿ ಸಣ್ಣತಾಯಮ್ಮ ಹೋಗಿಬಿಟ್ಟರೆಂದಳು. ಶಿವರಾಜು ಅಂದು ಸಂಜೆ ಸಾವಿನ ಸುದ್ದಿಯನ್ನು ಒಂದು ಸಲ ಓದಿದರು. ನಾಗಶ್ರೀ ತಾಯಿಯ ಮಾತನ್ನು ಪಟ್ಟಿಯಿಂದ ತೆಗೆದಳು. ಯಾರಾದರೂ ಕೈತಪ್ಪಿ ಮತ್ತೆ ಹಾಕಿಬಿಟ್ಟಾರೆಂದು ಆ ಧ್ವನಿಮುದ್ರಣವನ್ನೇ ಅಳಿಸಿದಳು. "ಸತ್ತವರು ಕರೆಯೋದು ಯಾರೂ ಕೇಳಬಾರದು ಸಾರ್" ಎಂದಳು ನನಗೆ. ದೆವ್ವದ ಭಯದಿಂದ ಆಡಿದ ಮಾತಲ್ಲ ಅದು, ಮರ್ಯಾದೆಯಿಂದ ಆಡಿದ್ದು.

ಮರುವರ್ಷ ಬಿಸಿಲು ಏರುವ ಮೊದಲು ಕಟ್ಟಡಕ್ಕೆ ಸುಣ್ಣ ಬಣ್ಣ ಮಾಡಿಸಿದರು. ಶನಿವಾರ ಬಣ್ಣದವರು ಬಂದು, ಕಂಪ್ಯೂಟರ್ ಇದ್ದ ಮೇಜನ್ನು ಎತ್ತಿ ಆಚೆ ಇಟ್ಟು, ಕತ್ತಲಾದ ಮೇಲೆ ಮತ್ತೆ ಒಳಗಿಟ್ಟರು. ಶಿವರಾಜು ಸ್ವಿಚ್ಚು ಹಾಕಿದಾಗ ಯಂತ್ರ ಎದ್ದಿತು. ಭಾನುವಾರ ಕೇಂದ್ರದಲ್ಲಿ ಯಾರೂ ಇರುವುದಿಲ್ಲ, ಯಂತ್ರವೊಂದೇ ನಡೆಸುತ್ತದೆ. ಶಿವರಾಜು ಬೆಂಗಳೂರಿಗೆ ಮದುವೆಗೆ ಹೋಗಿದ್ದರು. ಮಳವಳ್ಳಿಗೆ ನಮ್ಮ ಬಾನುಲಿ ಸಿಗುವುದಿಲ್ಲ. ನಾನು ಆ ದಿನ ರೇಡಿಯೋ ಹಾಕಲಿಲ್ಲ.

ಸೋಮವಾರ ಬೆಳಗ್ಗೆ ನಾಗಶ್ರೀ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ಕಿವಿಗೆ ಇಯರ್‌ಫೋನು. ಮದ್ದೂರು ಹತ್ತಿರವಾಗುತ್ತಿದ್ದಂತೆ ಗೊರಗೊರದೊಳಗಿನಿಂದ ನಮ್ಮ ಕೇಂದ್ರ ಮೆಲ್ಲಗೆ ಮೇಲೇಳುವುದು ಅವಳಿಗೆ ದಿನದ ರೂಢಿ. ಅಂದು ಮೊದಲು ಎದ್ದ ದನಿ ಹೀಗೆಂದಿತು: "…ಮ್ಮವ್ವ ಕಣಪ್ಪ." ಬಸ್ಸು ಒಂದು ತಗ್ಗಿಗಿಳಿದು ದನಿ ಮುಳುಗಿತು. ಏರಿಗೆ ಬಂದಾಗ ಮತ್ತೆ ಬಂತು. "ನೀನೂ ನನ್ ಮಗನೇ ಅಲ್ವಾ."

ಪಕ್ಕದಲ್ಲಿದ್ದ ಹೆಂಗಸು ಏನಾಯ್ತವ್ವ ಎಂದು ಅವಳ ಭುಜ ಹಿಡಿದಳಂತೆ. ತಾನು ಎದ್ದು ನಿಂತಿದ್ದೇನೆಂಬುದು ನಾಗಶ್ರೀಗೆ ಗೊತ್ತೇ ಇರಲಿಲ್ಲ.

ಕೇಂದ್ರದ ಗೇಟಿನ ಬಳಿ ವನಜಾ ಕಾಯುತ್ತಿದ್ದಳು. "ನೆನ್ನೆ ಬೆಳಿಗ್ಗೆಯಿಂದ ಕರೀತಾವ್ರೆ ಕಣಕ್ಕ. ಸಂಜೇಲೂ ಕರದ್ರು. ನಮ್ಮತ್ತೆ ರೇಡಿಯೋನ ತಗದು ನೀರಿನ ತೊಟ್ಟಿಗ್ ಆಕ್ಬುಟ್ರು. ನೀನ್ ಅಳಿಸ್ದೆ ಅಂದಿದ್ಯಲ್ಲ?"

"ಅಳಿಸಿದ್ದೆ" ಎಂದಳು ನಾಗಶ್ರೀ. ಓಡಿ ಮೆಟ್ಟಿಲು ಹತ್ತಿದಳು.

ನಾನು ಅಲ್ಲಿಗೆ ಹೋಗಿದ್ದು ಬೇರೊಂದು ಕಾರಣಕ್ಕೆ. ಅಂದು ಬೆಳಗ್ಗೆ ಕಾಫಿ ಕುಡಿಯುತ್ತ ರೇಡಿಯೋ ಹಾಕಿದಾಗ ನನ್ನದೇ ಮಾತು ಬಂತು. ಹೋದ ವರ್ಷ ಬಿತ್ತರವಾಗಿದ್ದ ಮಾತು. "ಮುಂದಿನ ವಾರ ಮಹದೇವು ಅವರ ತೋಟದಲ್ಲಿ ಸಿಗೋಣ" ಎಂದು ನಾನು ಹೇಳುತ್ತಿದ್ದೆ. ಆ ಮಹದೇವು ಹಿಪ್ಪುನೇರಳೆ ತೋಟವನ್ನೇ ತೆಗೆದು ಕಬ್ಬು ಹಾಕಿ, ಅದು ಆಗಲೇ ಆಳೆತ್ತರ ಬೆಳೆದಿತ್ತು. ಖಾಲಿ ಅಡುಗೆಮನೆಯಲ್ಲಿ ನಿಂತು ನನ್ನ ದನಿ ಅಷ್ಟು ಉತ್ಸಾಹದಿಂದ ಮಾತಾಡುವುದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಯಾರೋ ತಪ್ಪಾಗಿ ಹಾಕಿದ್ದಾರೆಂದು ಹೇಳಿ ಬರಲು ಹೊರಟೆ.

ಒಳಗೆ ನಾಗಶ್ರೀ ಯಂತ್ರದ ಮುಂದಿದ್ದಳು, ಹಿಂದೆ ಶಿವರಾಜು. ತಾಯಿಯ ದನಿ ಇದ್ದ ಜಾಗದಲ್ಲೇ ಇತ್ತು. ಅಳಿಸಿದ ಗುರುತೇ ಇಲ್ಲ. ಪಟ್ಟಿಯಲ್ಲಿ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಸಣ್ಣತಾಯಮ್ಮ ತೀರಿಕೊಂಡ ಮೇಲೆ ಮಾಡಿದ ಒಂದು ಕಾರ್ಯಕ್ರಮವೂ ಇರಲಿಲ್ಲ. ದೀಪಾವಳಿಯಲ್ಲಿ ಮಾಡಿದ ಸಂದರ್ಶನಗಳಿಲ್ಲ, ಮೊನ್ನೆ ಶುಕ್ರವಾರ ರೆಕಾರ್ಡ್ ಮಾಡಿದ ಸೋಬಾನೆ ಇಲ್ಲ. ಕೆಂಪಕ್ಷರದ ತಪ್ಪು ಸೂಚನೆ ಒಂದೂ ಇಲ್ಲ. ಏನನ್ನಾದರೂ ಕಳೆದುಕೊಂಡ ಯಂತ್ರದಂತೆ ಅದು ಕಾಣುತ್ತಿರಲಿಲ್ಲ. ಆ ತಿಂಗಳುಗಳು ಅದಕ್ಕೆ ಬಂದೇ ಇರಲಿಲ್ಲ ಎಂಬಂತೆ ಸುಮ್ಮನೆ ಗುಂಯ್ ಎನ್ನುತ್ತಿತ್ತು.

"ಯಾರಾದ್ರೂ ಬೇಕೂಂತ ಮಾಡಿದ್ದಾರಾ?" ಎಂದರು ಶಿವರಾಜು.

ನಾಗಶ್ರೀ ಮೊದಲು ತಾಯಿಯ ಮಾತನ್ನು ಪಟ್ಟಿಯಿಂದ ತೆಗೆದಳು. ಆಮೇಲೆ ಡಿಸ್ಕುಗಳ ಜೋಡಿ ಹೇಗಿದೆ ಎಂದು ಕೇಳುವ ಆದೇಶ ಟೈಪ್ ಮಾಡಿದಳು. ಎರಡು ಗುರುತು ಇರಬೇಕಾದಲ್ಲಿ ಒಂದೇ ಇತ್ತು. ಇನ್ನೊಂದರ ಜಾಗದಲ್ಲಿ ಬರೀ ಗೆರೆ. ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಹೊಸ ಡಿಸ್ಕಿನ ಕೇಬಲ್ಲು ಕಳಚಿ ನೇತಾಡುತ್ತಿತ್ತು.

ಎರಡು ಕೇಬಲ್ಲನ್ನೂ ಮುಟ್ಟಿ ನೋಡಿ ಹೇಳಿದಳು. ಹಳೆಯ ಡಿಸ್ಕಿನ ಕೇಬಲ್ಲು ಹೋದ ವರ್ಷವೇ ಯಾವಾಗಲೋ ಸಡಿಲವಾಗಿ ಅದು ಜೋಡಿಯಿಂದ ಬಿದ್ದುಹೋಗಿದೆ. ತಾಯಿಯ ಮಾತು ದಿನಾ ಬರುತ್ತಿದ್ದ ಕಾಲದಲ್ಲಿ. ಹೊಸದು ಒಂಟಿಯಾಗಿ ಎಲ್ಲವನ್ನೂ ನಡೆಸಿದೆ; ಪ್ರಸಾರ ನಿಲ್ಲಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಬರೆದದ್ದು, ಅಳಿಸಿದ್ದು, ಎಲ್ಲ ಹೊಸದರಲ್ಲಿ ಮಾತ್ರ. ಬಣ್ಣದವರು ಮೇಜು ಎತ್ತಿದಾಗ ಹೊಸದರ ಕೇಬಲ್ಲು ಕಳಚಿ, ಹಳೆಯದರದ್ದು ಒತ್ತಿಕೊಂಡು ಸರಿಯಾಗಿ ಕೂತಿದೆ. ಯಂತ್ರ ಎದ್ದಾಗ ಅದಕ್ಕೆ ಸಿಕ್ಕಿದ್ದು ಹಳೆಯದೊಂದೇ.

"ಅಂದ್ರೆ ಈ ಯಂತ್ರಕ್ಕೆ ಇವತ್ತು ಹೋದ ವರ್ಷವಾ?" ಎಂದರು ಶಿವರಾಜು.

"ಗಡಿಯಾರ ಇವತ್ತಿಂದೇ ಸಾರ್. ನೆನಪು ಮಾತ್ರ ಅವತ್ತಿಂದು."

ಕಾರಣ ಸಿಕ್ಕಿದ್ದಕ್ಕೆ ಮೂವರೂ ಉಸಿರು ಬಿಟ್ಟೆವು. ವನಜಾಳನ್ನು ಒಳಕ್ಕೆ ಕರೆದು ಟೀ ತರಿಸಿ ಕೊಟ್ಟೆವು. ಅವಳಿಗೆ ಅರ್ಧ ಅರ್ಥವಾಯಿತು, ಅರ್ಧ ಅರ್ಥವಾದಂತೆ ತಲೆಯಾಡಿಸಿದಳು. ನಾಗಶ್ರೀಯ ಮುಖಕ್ಕೆ ಕಳೆ ಬಂದಿತ್ತು. ಹೊಸ ಡಿಸ್ಕು ಕೆಟ್ಟಿಲ್ಲ, ಎಲ್ಲ ವಾಪಸು ಬರುತ್ತದೆ ಎನ್ನುತ್ತಿದ್ದಳು.

ಆಗ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ತೋಳಿನ ಮೇಲೆಲ್ಲ ಕುದಿವ ಪಾಕ ಸಿಡಿದ ಕಪ್ಪು ಚುಕ್ಕೆಗಳು. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಕೆಲಸ ಮಾಡುವವರ ತೋಳು ಹಾಗಿರುತ್ತದೆ. ಅವನಿಂದ ಬೆಲ್ಲದ ವಾಸನೆ ಬರುತ್ತಿತ್ತು.

"ರೇಡಿಯೋದವ್ರು ಇದೇನಾ?" ಎಂದ. "ಒಂದ್ ಮಾತ್ ಯೇಳ್ಬೇಕಾಗಿತ್ತು. ರೇಡಿಯೋದಲ್ಲಿ."

"ಏನ್ ಮಾತಣ್ಣ?"

"ಚಲುವ ಬತ್ತಾವ್ನೆ ಅಂತ. ನಮ್ಮವ್ವ ಕರೀತಾವ್ರಲ್ಲ, ಅವ್ರಿಗೆ. ಏಕಾಏಕಿ ಮುಂದ್ಗಡೆ ಓಗಿ ನಿಂತ್ಕಳಾಕೆ ನಂಗೆ ಮಕ ಇಲ್ಲ. ಮೊದ್ಲು ರೇಡಿಯೋದಲ್ ಯೇಳ್ಬುಡಿ. ಆಮೇಕೆ ಓಯ್ತೀನಿ."

ವನಜಾ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅವನು ಆಗ ಅವಳನ್ನು ನೋಡಿದ. ಅವಳು ಎದ್ದು, "ಅಣ್ಣ" ಎಂದಳು. ಶಿವರಾಜು ನೆಲ ನೋಡುತ್ತಿದ್ದರು. ನಾಗಶ್ರೀಯೇ ಹೇಳಬೇಕಾಯಿತು. ಅವನನ್ನು ಕೂರಿಸಿ, ಎದುರಿಗೆ ಕುಳಿತು, ನಿಮ್ಮವ್ವ ಹೋದ ಮಳೆಗಾಲದಲ್ಲಿ ತೀರಿಹೋದರು ಎಂದಳು.

ಅವನು ಅಳಲಿಲ್ಲ. ತೋಳಿನ ಮೇಲಿನ ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆಯುತ್ತ ಕುಳಿತ. ಆಮೇಲೆ ಕೇಳಿದ: "ಮತ್ತೆ ನೆನ್ನೆ ಮಾತಾಡಿದ್ಯಾರು?"

ನಾಗಶ್ರೀ ಬಿಡಿಸಿ ಹೇಳಿದಳು. ನಮಗೆ ಹೇಳಿದ್ದಕ್ಕಿಂತ ನಿಧಾನವಾಗಿ, ಎರಡು ಡಿಸ್ಕನ್ನೂ ತೋರಿಸಿ, ನೇತಾಡುವ ಕೇಬಲ್ಲನ್ನು ಅವನ ಕೈಗೇ ಕೊಟ್ಟು. ಅವನು ಗಮನವಿಟ್ಟು ಕೇಳಿದ. ತನ್ನ ಕಥೆಯನ್ನೂ ಹೇಳಿದ. ಕೊಕ್ಕರೆ ಬೆಳ್ಳೂರಿನ ಹತ್ತಿರದ ಆಲೆಮನೆಯಲ್ಲೇ ಇದ್ದನಂತೆ, ಮೊದಲಿನಿಂದಲೂ. ಅಲ್ಲಿ ಕಂಬಕ್ಕೆ ತೂಗುಹಾಕಿದ ರೇಡಿಯೋದಲ್ಲಿ ತಾಯಿಯ ಮಾತನ್ನು ದಿನಾ ಕೇಳಿದ್ದನಂತೆ.

"ಬರ್ಲಿಲ್ಲ" ಎಂದ. "ಊರೋರ್ ಬಾಯಿಗ್ ಅಂಜಿ ಯೇಳ್ತಾವ್ಳೆ, ಮನಸಿಂದಲ್ಲ ಅಂದ್ಕಂಡೆ. ಆಮೇಕೆ ಒಂದಿನ ನಿಂತೋಯ್ತು. ಅವ್ವಂಗೂ ಸಾಕಾಯ್ತು, ಕೈ ಬುಟ್ಳು ಅಂದ್ಕಂಡೆ. ನೆನ್ನೆ ಮತ್ತೆ ಬಂತು."

ಸಾವಿನ ಸುದ್ದಿ ಓದಿದ ಸಂಜೆ ಗಾಣದ ಸದ್ದಿನಲ್ಲಿ ಅವನಿಗೆ ಕೇಳಿಸದೆ ಹೋಗಿರಬೇಕು.

ಇನ್ನೊಂದು ಸಲ ಹಾಕಿ ಎಂದ. ಹಾಕುವುದೋ ಬೇಡವೋ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಗಶ್ರೀ ಹಾಕಿದಳು. ಆ ಸಣ್ಣ ಕೋಣೆಯಲ್ಲಿ, ಹೊಸ ಬಣ್ಣದ ವಾಸನೆಯ ನಡುವೆ, ಸಣ್ಣತಾಯಮ್ಮ ಮಗನೊಂದಿಗೆ ಮಾತಾಡಿದರು. "ಎಲ್ಲಿದ್ರೂ ಬಾ" ಎಂದಲ್ಲಿಗೆ ಮುಗಿಯಿತು.

ಅವನು ತಲೆ ಬಗ್ಗಿಸಿ ಕಾಯುತ್ತಲೇ ಇದ್ದ. "ಮುಂದಕ್ ಆಕಿ" ಎಂದ.

"ಇಷ್ಟೇ ಅಣ್ಣ."

"ಇಲ್ಲ ಕಣಮ್ಮ. ಇನ್ನೊಂದ್ ಮಾತದೆ."

"ಏನದು?"

"ಅಗಳಿ ಆಕಾಕಿಲ್ಲ, ತಳ್ಕಂಡ್ ಬಾ ಅಂತಾವ್ರೆ. ಮೊದ್ಲು ದಿನಾ ಬತ್ತಿತ್ತಲ್ಲ, ಆಗ ಆ ಮಾತಿರ್ಲಿಲ್ಲ. ನೆನ್ನೆ ಎರಡ್ ಸಲನೂ ಕೇಳ್ದೆ. ಅದ ಕೇಳೇ ನಾನು ಒಂಟಿದ್ದು."

ನಾನು ನಾಗಶ್ರೀಯನ್ನೇ ನೋಡುತ್ತಿದ್ದೆ. ಬೆಳಗ್ಗೆ ನಾನು ಬಂದಾಗಲೂ ಅವಳ ಮುಖ ಅಷ್ಟು ಬಿಳಿಚಿರಲಿಲ್ಲ. ಅವಳು ಧ್ವನಿಮುದ್ರಣವನ್ನು ಕೊನೆಯವರೆಗೆ ಎಳೆದು ನೋಡಿದಳು. "ಬಾ" ಎಂದಾದ ಮೇಲೆ ಕುರ್ಚಿ ಸರಿದ ಸದ್ದು, ಆಮೇಲೆ ಏನೂ ಇಲ್ಲ. ದನಿ ಪೂರ್ತಿ ಏರಿಸಿದಳು. ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ವನಜಾ ತಾನು ನೆನ್ನೆ ಕೇಳಿದ್ದರಲ್ಲೂ ಆ ಮಾತಿರಲಿಲ್ಲ ಎಂದಳು.

ಕಿವಿಯ ಭ್ರಮೆ ಎಂದು ಹೇಳಿ ಮುಗಿಸಬಹುದಿತ್ತು. ಶಿವರಾಜು ಹಾಗೆ ಹೇಳಲು ಬಾಯಿ ತೆರೆದಿದ್ದರು ಕೂಡ. ನಾಗಶ್ರೀ ಕೈಯೆತ್ತಿ ಅವರನ್ನು ತಡೆದಳು.

"ಆ ಮಾತು ಇದರಲ್ಲಿಲ್ಲ ಅಣ್ಣ. ಇದ್ದಿದ್ದೂ ಇಲ್ಲ. ಆದ್ರೆ ನಿಮ್ಮವ್ವ ಆ ಮಾತು ಆಡಿದ್ರು. ಅವತ್ತು ರೆಕಾರ್ಡಿಂಗ್ ಮುಗಿಸಿ ನಾನು ತೋಳು ಹಿಡ್ಕೊಂಡು ಮೆಟ್ಲು ಇಳಿಸ್ತಾ ಇದ್ದೆ. ಅರ್ಧ ಇಳಿದು ನಿಂತ್ಕೊಂಡ್ರು. ಒಂದ್ ಮಾತು ಮರ್ತೆ ಕಣವ್ವ, ಮನೆ ಅಗಳಿ ಆಕಾಕಿಲ್ಲ, ತಳ್ಕಂಡ್ ಬಾ ಅಂತ ಯೇಳ್ಬೇಕಿತ್ತು ಅಂದ್ರು. ಮತ್ತೆ ಹತ್ತೋಕೆ ಮಂಡಿ ನೋವು. ಇರ್ಲಿ ಬುಡು, ಅವನಿಗ್ ಗೊತ್ತಾಯ್ತದೆ ಅಂತ ಹೊರಟ್ರು."

"ಯಾರ್ಗಾರ ಯೇಳಿದ್ರಾ ನೀವು?"

"ಯಾರಿಗೂ ಹೇಳಿರಲಿಲ್ಲ. ನನಗೇ ಮರೆತುಹೋಗಿತ್ತು, ಈಗ ನೀವು ಹೇಳೋವರೆಗೂ."

ಕೆಳಗೆ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತಿತ್ತು. ಚಲುವರಾಜು ಮೊದಲ ಸಲ ಅತ್ತ. ಸದ್ದಿಲ್ಲದೆ, ಪಂಚೆಯ ತುದಿಯನ್ನು ಬಾಯಿಗೊತ್ತಿಕೊಂಡು. ಆಮೇಲೆ ಎದ್ದು, ಅಷ್ಟು ಸಾಕು ಎಂದು ಕೈಮುಗಿದ. ವನಜಾ ಅವನನ್ನು ಊರಿಗೆ ಕರೆದುಕೊಂಡು ಹೋದಳು. ಮನೆಯ ಬೀಗದ ಕೈ ಅವಳ ಹತ್ತಿರವೇ ಇತ್ತು.

ಉಳಿದದ್ದು ಯಂತ್ರದ ಕೆಲಸ. ಎರಡು ಡಿಸ್ಕನ್ನೂ ಒಟ್ಟಿಗೆ ಸಿಕ್ಕಿಸಿದರೆ ಯಾವುದು ನಿಜವೆಂದು ಯಂತ್ರವೇ ತೀರ್ಮಾನಿಸಿಬಿಡಬಹುದು, ಅದನ್ನು ನಂಬುವುದು ಬೇಡ ಎಂದಳು ನಾಗಶ್ರೀ. ಮೊದಲು ತಾಯಿಯ ಮಾತನ್ನು ಪೆನ್‌ಡ್ರೈವಿಗೆ ತೆಗೆದಿಟ್ಟಳು, ಮಗನಿಗೆ ಕೊಡಲು. ಆಮೇಲೆ ಹಳೆಯದನ್ನು ಬಿಚ್ಚಿ, ಹೊಸದರಿಂದ ಎಬ್ಬಿಸಿದಳು. ದೀಪಾವಳಿ, ಸೋಬಾನೆ, ಕಳೆದುಹೋಗಿದ್ದ ತಿಂಗಳುಗಳೆಲ್ಲ ಇದ್ದಲ್ಲೇ ಇದ್ದವು. ಯಂತ್ರದೊಳಗಿನ ಅಂಚೆಪೆಟ್ಟಿಗೆಯಲ್ಲಿ, ಜೋಡಿಯಲ್ಲಿ ಒಂದು ಕಾಣೆಯಾಗಿದೆ ಎಂದು ಯಂತ್ರ ದಿನಾ ತನಗೆ ತಾನೇ ಬರೆದುಕೊಂಡ ಎಚ್ಚರಿಕೆಗಳು ರಾಶಿ ಬಿದ್ದಿದ್ದವು. ಅವನ್ನು ಯಾರ ಫೋನಿಗೂ ಕಳಿಸುವಂತೆ ಮಾಡಿರಲಿಲ್ಲ. ಅಂದೇ ಮಾಡಿದಳು.

ಹಳೆಯ ಡಿಸ್ಕನ್ನು ಮತ್ತೆ ಸೇರಿಸುವ ಹೊತ್ತಿಗೆ ಶಿವರಾಜು, "ಅದು ಬೇಡಮ್ಮ. ನಾಲೆಗೆ ಎಸೆದುಬಿಡು, ಬೇರೆ ತರೋಣ" ಎಂದರು. ಹೀಗಂದದ್ದು ವಿಜ್ಞಾನ ಪಾಠ ಮಾಡಿದ ಮೇಷ್ಟ್ರು.

"ಡಿಸ್ಕಿನದೇನೂ ತಪ್ಪಿಲ್ಲ ಸಾರ್" ಎಂದು ಅವಳು ಕೇಬಲ್ಲನ್ನು ಗಟ್ಟಿಯಾಗಿ ಒತ್ತಿ, ಆದೇಶ ಬರೆದಳು. ಆದರೂ ಕೊನೆಯ ಗುಂಡಿ ಒತ್ತುವ ಮೊದಲು ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದಿದ್ದಳು. ಒತ್ತಿದ ಮೇಲೆ ಹಳೆಯದರಲ್ಲಿದ್ದ ಕಾಲ ಮೊದಲಿನಿಂದ ಅಳಿಯುತ್ತ, ಅದರ ಮೇಲೆ ಇಂದಿನದು ತುಂಬುತ್ತ ಬಂತು. ಪೂರ್ತಿಯಾಗುವವರೆಗೆ ಅವಳು ಅಲ್ಲಿಂದ ಏಳಲಿಲ್ಲ. ಪ್ರಸಾರ ಕೇಳಲು ಇಯರ್‌ಫೋನು ಸಿಕ್ಕಿಸಿಕೊಂಡೇ ಕುಳಿತಿದ್ದಳು. ಏನಾದರೂ ಕೇಳಿತೇ ಎಂದು ನಾನು ಕೇಳಲಿಲ್ಲ.

ಮನೆಗೆ ಹೋಗಿ ತಂದೆಗೆ ಎಲ್ಲ ಹೇಳಿದಳಂತೆ. ಕರಿಯಯ್ಯ ಯೋಚಿಸಿ, "ಅವ್ನು ಸಣ್ಣೋನಾಗಿದ್ದಾಗಿಂದ ಅವ್ವ ಅದೇ ಮಾತ್ನ ದಿನಾ ಅಂತಿದ್ರೋ ಏನೋ. ಕರದಾಗ ಅದೂ ಕೇಳ್ದಂಗಾಗದೆ" ಎಂದರಂತೆ. ಇರಬಹುದು. ನಾಗಶ್ರೀಯೂ ಇರಬಹುದು ಎಂದೇ ಹೇಳುತ್ತಾಳೆ. ಈಗ ಅವಳು ಸುತ್ತಲಿನ ಇನ್ನೂ ಕೆಲವು ಬಾನುಲಿಗಳಿಗೆ ಹೋಗಿ ಡಿಸ್ಕು ಜೋಡಿಸಿ ಕೊಟ್ಟು ಬಂದಿದ್ದಾಳೆ. ವಾರಕ್ಕೊಮ್ಮೆ ಪೆಟ್ಟಿಗೆ ಬಿಚ್ಚಿ ಕೇಬಲ್ಲು ಮುಟ್ಟಿ ನೋಡುವುದನ್ನು ಕಲಿಸುತ್ತಾಳೆ.

ಮುಂದಿನ ಯುಗಾದಿ ಕಳೆದ ಮೇಲೆ ಸಣ್ಣತಾಯಮ್ಮನ ಊರಿನ ಹೆಂಗಸರ ಪದ ರೆಕಾರ್ಡ್ ಮಾಡಲು ಅವಳು ಹೋದಾಗ ನಾನೂ ಜೊತೆಗಿದ್ದೆ. ಚಲುವರಾಜು ತಾಯಿಯ ಮನೆಯಲ್ಲೇ ಇದ್ದ. ಹೆಂಚು ಕೈಯಾಡಿಸಿದ್ದ, ಹಿತ್ತಲಲ್ಲಿ ಒಂದು ಎಮ್ಮೆ ಕಟ್ಟಿದ್ದ. ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟ. ಜಗುಲಿಯ ಗೂಡಿನಲ್ಲಿ ಒಂದು ರೇಡಿಯೋ ಇತ್ತು.

"ನಮ್ ರೇಡಿಯೋ ಕೇಳ್ತೀರಾ ಅಣ್ಣ?" ಎಂದಳು ನಾಗಶ್ರೀ.

"ಕೇಳ್ತೀನಿ ಕಣಮ್ಮ. ಬೆಳಿಗ್ಗೆ ಆ ಒತ್ಗೆ, ಸಂಜೆ ಆ ಒತ್ಗೆ ಮಾತ್ರ ಆಫ್ ಮಾಡ್ಬುಡ್ತೀನಿ."

"ಯಾಕೆ? ಅದನ್ನ ಆವತ್ತೇ ತೆಗೆದಾಯ್ತಲ್ಲ."

ಅವನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೊರಟವನು ಹೊಸ್ತಿಲಲ್ಲಿ ನಿಂತ.

"ಮನೆಗಂತೂ ಬಂದಾಯ್ತು. ಇನ್ನೂ ಕರದ್ರೆ ಎಲ್ಲಿಗಮ್ಮ ಓಗ್ಲಿ?"